ಬೋರ್ಡ್ ಹೋಗೈತ್ರಿ

ನಮ್ಮ ಮನೆಯ ವಾಷಿಂಗ್ ಮಷೀನು ಕೆಟ್ಟದ್ದರಲ್ಲಿ ಅಂಥ ವಿಶೇಷವೇನಿಲ್ಲ. ಅದು ಯಾಕೆ ಕೆಟ್ಟಿತೆಂದು ಜನ ಎಷ್ಟು ಬೇಗ ಹೇಳಿಬಿಟ್ಟರು ಎಂಬುದೇ ವಿಶೇಷ. ಗುಂಡಿ ಒತ್ತಿದರೆ ಸ್ವಲ್ಪ ಹೊತ್ತು ಗುರ್ ಎಂದು, ದೀಪ ಮಿಣುಕಿಸಿ, ಕೀಂ ಕೀಂ ಎಂದು ಕೂಗಿ ಸುಮ್ಮನಾಗುತ್ತಿತ್ತು. ಸಿಂಧನೂರಿನ ಮೆಕ್ಯಾನಿಕ್ ಚಪ್ಪಲಿ ಕೂಡ ಬಿಡಲಿಲ್ಲ. ಬಾಗಿಲಲ್ಲೇ ನಿಂತು ಆ ಕೂಗು ಕೇಳಿ, “ಬೋರ್ಡ್ ಹೋಗೈತ್ರಿ ಅಕ್ಕಾರ” ಎಂದ. ಬೋರ್ಡೆಂದರೆ ಮಷೀನಿನ ತಲೆಯಂತೆ. ನೀರು ತಗೊ, ತಿರುಗು, ನಿಲ್ಲು ಎಂದು ಹುಕುಂ ಕೊಡುವುದು ಅದೇ ಅಂತೆ.

ಲಿಂಗಸುಗೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನನ್ನ ಮೈದುನ ಶರಣಪ್ಪ ಇನ್ನೂ ಮುಂದುವರಿದವನು. ವಿಡಿಯೋ ಕಾಲಿನಲ್ಲಿ ಮಷೀನಿನ ಮುಖ ತೋರಿಸಿದೆ. “ಅತ್ತಿಗಿ, ಬೋರ್ಡೇ ಇದು. ಹೊಸಾದು ತಗೊಂಡುಬಿಡ್ರಿ” ಎಂದ. ಲಿಂಗಸುಗೂರಿನಲ್ಲಿ ಕುಳಿತು ಸಿಂಧನೂರಿನ ಮಷೀನಿನ ನಾಡಿ ಹಿಡಿಯುವುದು ಸಣ್ಣ ವಿದ್ಯೆಯಲ್ಲ. ನನ್ನನ್ನು ಮಾತಾಡಿಸಲು ಬಂದ ನೆಂಟರೂ ಚಹಾ ಕುಡಿದು, ಕಣ್ಣೊರೆಸಿಕೊಂಡು, ಹೋಗುವಾಗ ಮಷೀನನ್ನೊಮ್ಮೆ ತಟ್ಟಿ “ಬೋರ್ಡ್ ಇರಬೇಕು” ಎಂದು ಹೇಳಿಯೇ ಹೋದರು.

ಮಷೀನು ನಮ್ಮ ಮನೆಯವರ ಇಲಾಖೆಯಾಗಿತ್ತು. ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರು. ಒಂದು ಸೀಟಿಗೆ ಇಡೀ ಶಾಲೆಯನ್ನು ನಿಲ್ಲಿಸುತ್ತಿದ್ದರು. ಆದರೆ ಭಾನುವಾರ ಬಟ್ಟೆ ಹಾಕುವಾಗ ಹಿತ್ತಲ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು, ಓಣಿಯವರು ಕಂಡಾರೆಂದು. ನನ್ನ ಸೀರೆ ಒಣಹಾಕುವಾಗ ಯಾರಾದರೂ ಕಂಡರೆ ಕಾಗೆ ಓಡಿಸುವವರಂತೆ ಕೈ ಬೀಸುತ್ತಿದ್ದರು. ನನಗೆ ಮಷೀನು ಮುಟ್ಟಗೊಡುತ್ತಿರಲಿಲ್ಲ. ಹಾಗಾಗಿ ಅದರ ಬಗ್ಗೆ ನನಗಿರುವ ಜ್ಞಾನ ಒಂದೇ ಗುಂಡಿಯಷ್ಟು.

ಮೂರು ತಿಂಗಳ ಹಿಂದೆ ಒಂದು ಭಾನುವಾರ ಮುಂಜಾನೆ, ಬಟ್ಟೆ ಒಣಹಾಕುತ್ತಿದ್ದವರು ಎದೆ ಒತ್ತಿಕೊಂಡು ಒಳಗೆ ಬಂದರು. ಆಗಲೂ ನಮ್ಮಲ್ಲಿ ತಜ್ಞರಿಗೆ ಬರವಿರಲಿಲ್ಲ. ಪಕ್ಕದ ಮನೆಯಾಕೆ ಅಜಿವಾನ ತಂದಳು. ಶರಣಪ್ಪ ಫೋನಿನಲ್ಲೇ ಸೋಡಾ ಕುಡಿಸಲು ಹೇಳಿದ. “ನಿನ್ನೆ ತಿಂದ ಮಿರ್ಚಿ ಅದು. ಗ್ಯಾಸ್ ಆಗೈತಿ, ಮಕ್ಕೊಳ್ರಿ” ಎಂದವಳು ನಾನೇ. ಮೂರು ಜನ ಒಂದೇ ಮಾತು ಹೇಳಿದ ಮೇಲೆ ಅದು ಸುಳ್ಳಾಗುವುದು ಹೇಗೆ? ದವಾಖಾನೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಎಲ್ಲ ಮುಗಿದಿತ್ತು.

ಆದ್ದರಿಂದ ಈ ಸಲ ಹಟ ಹಿಡಿದೆ. ಬಿಚ್ಚಿ ನೋಡದೆ ಯಾರು ಹೇಳಿದರೂ ಒಪ್ಪಲಾರೆ. ತಗಡಿನ ಡಬ್ಬಿಗೆ ಇಷ್ಟೊಂದು ನ್ಯಾಯವೇ ಎಂದು ನೀವು ನಗಬಹುದು. ನಗಿರಿ. ಮನುಷ್ಯನಿಗೆ ಕೊಡದ ನ್ಯಾಯವನ್ನು ಎಲ್ಲಾದರೂ ಕೊಡಬೇಕಲ್ಲ.

ರಿಪೇರಿಗೆಂದು ಮಸ್ಕಿಯಿಂದ ಬಂದ ಖಾಜಾಸಾಬರು ವಯಸ್ಸಾದವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡವರು. ಬೋರ್ಡ್ ಹೋಗಿದೆಯಂತೆ ಎಂದೆ.

“ಯಾರು ಬಿಚ್ಚಿ ನೋಡ್ಯಾರ?”

ಈ ಪ್ರಶ್ನೆಗಾಗಿ ನಾನು ಮೂರು ತಿಂಗಳು ಕಾದಿದ್ದೆ. “ಯಾರೂ ಇಲ್ರಿ” ಎಂದೆ.

“ಹಂಗಾರ ಎರಡು ಕೊಡ ನೀರು ತರ್ರಿ.”

ಮೊದಲು ಬೋರ್ಡನ್ನು ಬ್ಯಾಟರಿ ಬೆಳಕಿನಲ್ಲಿ ನೋಡಿದರು. ಸುಟ್ಟ ಕಲೆಯಿಲ್ಲ, ಹಲ್ಲಿ ಸತ್ತುಬಿದ್ದಿಲ್ಲ. ಆಮೇಲೆ ಮಷೀನಿನೊಳಗೆ ನೀರು ಸುರಿದು ಗುಂಡಿ ಒತ್ತಿದರು. ಅದು ಮದುವೆಮನೆಯ ಸೋದರತ್ತೆಯಂತೆ ಗಿರಗಿರ ತಿರುಗತೊಡಗಿತು.

“ತಲಿ ಕೆಟ್ಟಿದ್ರ ತಿರಗ್ತಿತ್ತೇನಮ್ಮಾ? ಪಾಪ, ಇದಕ್ಕ ನೀರಡಿಕಿ ಆಗೈತಿ ಅಷ್ಟ” ಎಂದರು. ನಳದಿಂದ ಬರುವ ಪೈಪು ಬಿಚ್ಚಿ, ಅದು ಕೂಡುವಲ್ಲಿದ್ದ ಉಗುರಿನಷ್ಟು ಜಾಳಿಗೆಯನ್ನು ಎಳೆದು ಅಂಗೈಗೆ ತಟ್ಟಿದರು. ನಳದಲ್ಲಿ ಬರುವ ಕಾಲುವೆ ನೀರಿನ ರಾಡಿ, ಬರೀ ಕೆಸರು. “ರಾಡಿ ಸೋಸಾಕ ನಳಕ್ಕ ಬಟ್ಟಿ ಕಟ್ತಿದ್ದಿಲ್ಲೇನು?”

ಕಟ್ಟುತ್ತಿದ್ದರು. ಹಳೆಯ ಬನಿಯನ್ನಿನ ತುಂಡು, ಅದರ ಅಂಚು ಪೈಪಿನ ಕೊರಳಲ್ಲಿ ಜೋತಾಡುತ್ತಿತ್ತು. ಮಣ್ಣು ಮಾಡಿ ಬಂದು ಮನೆ ತೊಳೆದ ದಿನ, ಈ ಗಂಡಸರ ಹೊಲಸು ಅಭ್ಯಾಸ ನೋಡು ಎಂದು ಬೈದು ನಾನೇ ಕಿತ್ತು ಎಸೆದಿದ್ದೆ.

ನಾನು ಹೇಳಿದ್ದು ಕೇಳಿ, “ಮಾಸ್ತರು ಶ್ಯಾಣ್ಯಾ ಇದ್ರು” ಎಂದರು ಖಾಜಾಸಾಬರು. ಒಳಗೆ ಹೋಗಿ ಅವರ ಬನಿಯನ್ ಒಂದನ್ನು ತಂದೆ. ಕತ್ತರಿ ಹಿಡಿದೆ, ಕೈ ಬರಲಿಲ್ಲ. ಖಾಜಾಸಾಬರೇ ಕತ್ತರಿಸಿ ಕಟ್ಟಿದರು.

ಸಂಜೆ ಶರಣಪ್ಪನ ಫೋನು. “ಬೋರ್ಡ್ ಹಾಕಿಸಿದ್ರೇನು ಅತ್ತಿಗಿ?”

“ಬೋರ್ಡಿಗೆ ಏನೂ ಆಗಿದ್ದಿಲ್ಲಪ್ಪ. ನಾವ್ಯಾರೂ ನೋಡಿದ್ದಿಲ್ಲ.”

ಅವನು ಮಷೀನಿನ ಮಾತು ಬಿಟ್ಟ. ಆಮೇಲೆ, “ನನಗೂ ಮುಂಜಾನಿಂದ ಎದಿ ಹಿಡದಂಗ ಆಗಾಕತ್ತೈತಿ. ಗ್ಯಾಸ್ ಇರಬೇಕು” ಎಂದ.

“ಶರಣಪ್ಪಾ, ಅಂಗಡಿ ಷಟರ್ ಎಳಿ. ಈಗಿಂದೀಗ ದವಾಖಾನಿಗೆ ಹೋಗ್ತಿಯೋ, ಇಲ್ಲ ಮಷೀನು ಬಿಚ್ಚಿದ ಮಸ್ಕಿಯವರ ಕೈಯಾಗ ಸ್ಕ್ರೂಡ್ರೈವರ್ ಕೊಟ್ಟು ಕಳಸ್ಲೋ?”

ಹೋದ. ಎದೆಗೆ ತಂತಿ ಹಚ್ಚಿ ನೋಡಿದರಂತೆ, ರಕ್ತವನ್ನೂ ತೆಗೆದರಂತೆ. ಎರಡು ತಾಸಿನ ಮೇಲೆ ಗೆದ್ದವನ ದನಿಯಲ್ಲಿ ಫೋನು ಮಾಡಿದ. “ನಾ ಹೇಳಿದ್ದಿಲ್ಲೇನು ಅತ್ತಿಗಿ? ಗ್ಯಾಸೇ ಅಂತ!”

ಇರಲಿ. ನಮ್ಮ ಮನೆತನದಲ್ಲಿ ನೋಡಿ ಹೇಳಿದ ಮೊದಲ ಗ್ಯಾಸ್ ಅದು.