ನಲವತ್ತೆರಡನೆಯ ಚೀಟಿ

ಕತ್ತರಿ ಮೇಡಂ ನಿದ್ದೆ ಹೋದರಂತೆ ಎಂಬ ಸುದ್ದಿ ಮಧ್ಯಾಹ್ನದ ಊಟದ ಹೊತ್ತಿಗೆಲ್ಲ ಕಾಲೇಜಿನ ಮೂರೂ ಅಂತಸ್ತಿಗೆ ಹರಡಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ವಿದ್ಯಾರ್ಥಿಗಳ ಕಿರುಚಿತ್ರಗಳ ಪ್ರದರ್ಶನ. ಮೊದಲ ಸಾಲಿನಲ್ಲಿ, ಮಡಿಲಲ್ಲಿ ಅಂಕಪಟ್ಟಿ ಇಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದು ಕೂತಿದ್ದ ಮೇಡಂ, ನಾಲ್ಕನೆಯ ಚಿತ್ರ ಶುರುವಾದ ಸ್ವಲ್ಪ ಹೊತ್ತಿಗೆ ಪೆನ್ನು ಹಿಡಿದ ಹಾಗೇ ಕಣ್ಣು ಮುಚ್ಚಿದ್ದರು. ದೀಪ ಹೊತ್ತಿದಾಗ ಅಂಕಪಟ್ಟಿಯ ಮೇಲೆ ಉದ್ದಕ್ಕೊಂದು ನೀಲಿ ಗೆರೆ ಇಳಿದಿತ್ತು.

ಬೇರೆ ಯಾರಾದರೂ ಆಗಿದ್ದರೆ ಇದು ಸುದ್ದಿಯಾಗುತ್ತಿರಲಿಲ್ಲ. ಆದರೆ ಈಕೆ ಇಪ್ಪತ್ತನಾಲ್ಕು ವರ್ಷ ಸ್ಟುಡಿಯೋದ ಕತ್ತಲ ಕೋಣೆಯಲ್ಲಿ ಕೂತು ಬೇರೆಯವರು ತೆಗೆದ ಸಿನಿಮಾಗಳನ್ನು ಕತ್ತರಿಸಿ ಅಂಟಿಸಿದವರು. ತೆಗೆದವರೇ ತೂಕಡಿಸಿದ ಚಿತ್ರಗಳನ್ನೂ ಕಣ್ಣು ಮಿಟುಕಿಸದೆ ನೋಡಿದವರು. ಸ್ಟುಡಿಯೋ ಬಾಗಿಲು ಹಾಕಿದ ಮೇಲೆ ಈ ಕಾಲೇಜಿಗೆ ಬಂದು ಸಂಕಲನ ಕಲಿಸುತ್ತಿದ್ದರು. ಮಾತಾಡುವಾಗ ಈಗಲೂ ಬಲಗೈಯ ಎರಡು ಬೆರಳು ತಾವಾಗಿಯೇ ಗಾಳಿಯನ್ನು ಕತ್ತರಿಸುತ್ತಿದ್ದವು. ಹುಡುಗರು ಇಟ್ಟ ಅಡ್ಡಹೆಸರು ಅಲ್ಲಿಂದಲೇ ಬಂದದ್ದು.

ಆ ನಾಲ್ಕನೆಯ ಚಿತ್ರದ ಹೆಸರು ‘ಹಗಲು’. ಎಂಟು ನಿಮಿಷದ್ದು. ತೆಗೆದವಳು ಕೊನೆಯ ವರ್ಷದ ಒಬ್ಬ ಹುಡುಗಿ. ಹಾಜರಿ ಕೂಗಿದಾಗ ‘ಬಂದಿದ್ದೀನಿ’ ಅನ್ನುವುದು ಪಕ್ಕದವರಿಗೂ ಕೇಳಿಸದಷ್ಟು ಮೆಲುದನಿಯವಳಾದ್ದರಿಂದ ತರಗತಿಯವರೆಲ್ಲ ಅವಳನ್ನು ಪಿಸುಮಾತು ಎಂದೇ ಕರೆಯುತ್ತಿದ್ದರು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಚೊಕ್ಕ ಮನುಷ್ಯ. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಲೇ ಲೆಕ್ಕ ಒಪ್ಪಿಸಿದರು.

“ಪ್ರೇಕ್ಷಕರ ಸ್ಪಂದನೆಗೆ ಇಪ್ಪತ್ತಕ್ಕೆ ನಾಲ್ಕು ಕೊಟ್ಟಿದ್ದೀನಿ ಮೇಡಂ. ನಲವತ್ತೊಂದು ಜನ ಅಭಿಪ್ರಾಯದ ಚೀಟಿ ಬರೆದಿದ್ದಾರೆ, ಅದರಲ್ಲಿ ಹದಿನೇಳು ಜನ ನಿದ್ದೆ ಬಂತು ಅಂತ ಬರೆದಿದ್ದಾರೆ. ಇದಕ್ಕಿಂತ ಸ್ಪಷ್ಟವಾಗಿ ಇನ್ನೇನು ಹೇಳ್ಬೇಕು?”

“ನಾನೂ ಮಲಗಿಬಿಟ್ಟೆನಲ್ಲ ಸರ್.”

“ಹಾಗಾದ್ರೆ ಹದಿನೆಂಟು,” ಎಂದು ಅವರು ನಕ್ಕರು. “ನೀವೂ ನಿಮ್ಮ ಅಂಕ ಹಾಕಿಬಿಡಿ, ಸಹಿ ಮಾಡಿ ಮುಗಿಸೋಣ.”

“ನೋಡದೆ ಇರೋದಕ್ಕೆ ಹೇಗೆ ಅಂಕ ಹಾಕ್ಲಿ? ಶುಕ್ರವಾರದವರೆಗೂ ಟೈಮ್ ಇದೆಯಲ್ಲ, ಇರ್ಲಿ ಬಿಡಿ.”

ಮೇಡಂ ಚೀಟಿಗಳ ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಸಂಜೆ ಮನೆಗೆ ಹೋದರು. ಮನೆಯೆಂದರೆ ಅಣ್ಣನ ಮನೆಯ ಮಹಡಿ. ಅಣ್ಣ ತೀರಿಕೊಂಡ ಮೇಲೆ ಕೆಳಗೆ ಅತ್ತಿಗೆ, ಮೇಲೆ ಇವರು, ನಡುವೆ ದಿನಕ್ಕೆ ಹತ್ತು ಸಲ ಹತ್ತಿ ಇಳಿಯುವ ಮೆಟ್ಟಿಲು. ತಿಂಗಳ ಹಿಂದಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರಿಂದ ಮೇಡಂಗೆ ಬೆಳಕೆಲ್ಲ ಹೊಸದಾಗಿತ್ತು. ಸಂಜೆಯ ಬಿಸಿಲು ಗೋಡೆಯ ಮೇಲೆ ಹಾಲು ಚೆಲ್ಲಿದಂತೆ ಹರಡುತ್ತಿತ್ತು. ನೀರು ತುಂಬಿದ ಲೋಟದ ಅಂಚಿನಲ್ಲಿ ಬಣ್ಣ ಕಾಣುತ್ತಿತ್ತು. ಅತ್ತಿಗೆ ಅವರ ಕಣ್ಣಿಗೆ ಔಷಧಿ ಬಿಡುತ್ತ ಕೇಳಿದರು:

“ಎಂಟು ನಿಮಿಷ ಎಚ್ಚರ ಇರೋಕೆ ಆಗ್ಲಿಲ್ವೇನೇ ನಿನಗೆ?”

“ಆಗ್ಲಿಲ್ಲ ಅತ್ತಿಗೆ. ಮಾನ ಹೋಯ್ತು.”

“ಮಾನ ಎಲ್ಲೂ ಹೋಗಲ್ಲ. ನಿದ್ದೆ ಹೇಗಿತ್ತು ಅದನ್ನ ಹೇಳು.”

ಮೇಡಂ ಕಣ್ಣು ಮುಚ್ಚಿಕೊಂಡರು. ನಿದ್ದೆ ಬಹಳ ಚೆನ್ನಾಗಿತ್ತು. ಎಷ್ಟೋ ವರ್ಷದಿಂದ ಅಂಥ ನಿದ್ದೆ ಬಂದಿರಲಿಲ್ಲ. ಅದರೊಳಗೆ ಹಳೆಯ ಸ್ಟುಡಿಯೋದ ಅಂಗಳದಲ್ಲಿ ಫಿಲಂ ಸುರುಳಿಗಳು ಹಗ್ಗದ ಮೇಲೆ ಬಟ್ಟೆಯಂತೆ ಒಣಗುತ್ತಿದ್ದವು. ಯಾರೋ ಸದ್ದಾಗದಂತೆ ಬಂದು ಒಂದೊಂದನ್ನೇ ಮಡಚಿ ಇಡುತ್ತಿದ್ದರು. ಆ ಕೈ ಚಿತ್ರದಲ್ಲಿತ್ತೋ ಕನಸಿನಲ್ಲಿತ್ತೋ, ಅದೇ ತಿಳಿಯದೆ ತಲೆ ಕೊರೆಯುತ್ತಿತ್ತು.

ಔಷಧಿಯ ಮಂಜು ಇಳಿದ ಮೇಲೆ ಚೀಟಿಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡರು. ‘ಏನೂ ಆಗಲಿಲ್ಲ.’ ‘ಸಿನಿಮಾ ಗೊತ್ತಿಲ್ಲ, ಫ್ಯಾನಿನ ಗಾಳಿ ಚೆನ್ನಾಗಿತ್ತು.’ ‘ಕಥೆ ಎಲ್ಲಿ?’ ‘ನಿದ್ದೆ ಬಂತು, ಕ್ಷಮಿಸು.’ ‘ಪಿಸುಮಾತು, ಮುಂದಿನ ಸಲ ದಿಂಬು ಕೊಡು.’ ನಗು ಬಂತು. ಅಷ್ಟರಲ್ಲಿ ಒರಟು ಅಕ್ಷರದ ಒಂದು ಚೀಟಿ ಸಿಕ್ಕಿತು: ‘ನಮ್ಮ ದೊಡ್ಡಮ್ಮ ಬಂದು ನನಗೆ ಬಿಸಿಲು ಬೀಳದ ಹಾಗೆ ಕಿಟಕಿ ಮುಚ್ಚಿದರು. ಇದು ಸಿನಿಮಾದಲ್ಲಿತ್ತಾ? ಇಲ್ಲದಿದ್ದರೂ ಪರವಾಗಿಲ್ಲ.’ ಮೇಡಂ ಅದನ್ನು ಎರಡು ಸಲ ಓದಿ ಬೇರೆಯಾಗಿ ಇಟ್ಟರು.

ಮರುದಿನ ಎಡಿಟಿಂಗ್ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ನೋಡಲು ಕೂತರು. ಐದನೆಯ ನಿಮಿಷಕ್ಕೆ ಹಣೆ ಮೇಜಿಗೆ ತಾಗಿತು. ಎದ್ದು, ಮುಖಕ್ಕೆ ನೀರು ಹಾಕಿಕೊಂಡು, ಈ ಸಲ ನಿಂತುಕೊಂಡೇ ನೋಡಿದರು. ಹಳೆಯ ಕಸುಬಿನವರ ಹಾಗೆ ಹಿಂದೆ ಮುಂದೆ ಎಳೆದು, ನಿಲ್ಲಿಸಿ ನಿಲ್ಲಿಸಿ.

ಚಿತ್ರದಲ್ಲಿದ್ದದ್ದು ಒಂದು ಸಣ್ಣ ಮನೆ, ಬೆಳಗಿನ ಹೊತ್ತು. ಒಳಗಿನ ಕೋಣೆಯಲ್ಲಿ ಒಬ್ಬ ಹೆಂಗಸು ಕಣ್ಣಿನ ಮೇಲೆ ತೋಳು ಅಡ್ಡ ಇಟ್ಟುಕೊಂಡು ಮಲಗಿದ್ದಾಳೆ. ಹೊರಗೆ ಮುದುಕರೊಬ್ಬರು ಕುರ್ಚಿಯನ್ನು ಎಳೆಯದೆ, ಕೂಸನ್ನು ಎತ್ತುವಂತೆ ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಬಳಿ ಇಡುತ್ತಾರೆ. ಸೀನು ಬಂದಾಗ ದಿಂಬಿಗೆ ಮುಖ ಒತ್ತುತ್ತಾರೆ. ಚಿಕ್ಕ ಹುಡುಗಿಯೊಬ್ಬಳು ನಲ್ಲಿಯ ಬಾಯಿಗೆ ಬಟ್ಟೆ ಕಟ್ಟುತ್ತಾಳೆ. ನೀರು ಬಟ್ಟೆಯ ಗುಂಟ ಇಳಿದು ಸದ್ದಿಲ್ಲದೆ ಬಕೆಟ್ಟು ಸೇರುತ್ತದೆ. ಪಾತ್ರೆಯ ಮುಚ್ಚಳ, ಬಾಗಿಲ ಚಿಲಕ, ಚಪ್ಪಲಿ, ಪುಸ್ತಕದ ಹಾಳೆ, ಯಾವುದೂ ಇನ್ನೊಂದಕ್ಕೆ ತಾಗುವುದಿಲ್ಲ. ಪ್ರತಿಯೊಂದು ದೃಶ್ಯವೂ ಸದ್ದು ಹುಟ್ಟುವುದಕ್ಕೆ ಕೂದಲೆಳೆಯಷ್ಟು ಮೊದಲು ತುಂಡಾಗುತ್ತದೆ. ಕೇಳಿಸುವುದು ಫ್ಯಾನಿನ ಗುನುಗು, ಮಲಗಿದವಳ ಉಸಿರು, ಆಗೀಗ ಸಣ್ಣದೊಂದು ಗೊರಕೆ, ಅಷ್ಟೇ.

ಮೇಡಂಗೆ ಈಗ ಹೊಳೆಯಿತು. ಇಡೀ ಸಭಾಂಗಣವನ್ನೇ ಈ ಹುಡುಗಿ ಆ ಹೆಂಗಸಿನ ಪಕ್ಕದಲ್ಲಿ ಮಲಗಿಸಿ, ಸದ್ದಾಗದಂತೆ ಕಾದಿದ್ದಳು. ಆದರೂ ಒಂದು ಕೊರತೆ ಕಣ್ಣಿಗೆ ಕುಕ್ಕಿತು. ಹೆಂಗಸು ಮಲಗಿದ್ದಂತೆಯೇ ಚಿತ್ರ ಮುಗಿದುಹೋಗುತ್ತಿತ್ತು.

ಪಿಸುಮಾತನ್ನು ಕರೆಸಿದರು. ಅವಳು ಬಂದು ಬಾಗಿಲ ಬಳಿಯಲ್ಲೇ ನಿಂತಳು.

“ಬಾ ಮಗು, ಕೂತ್ಕೋ. ಅವರು ಯಾರು, ಮಲಗಿರೋರು?”

“ನಮ್ಮಮ್ಮ ಮೇಡಂ. ಆಸ್ಪತ್ರೆಲಿ ನರ್ಸು. ಹದಿನಾಲ್ಕು ವರ್ಷದಿಂದ ನೈಟ್ ಡ್ಯೂಟಿನೇ. ಬೆಳಿಗ್ಗೆ ಎಂಟಕ್ಕೆ ಬಂದು ಮಲಗಿದ್ರೆ ನಾಲ್ಕರವರೆಗೂ ಮಲಗ್ತಾಳೆ.” ಕುರ್ಚಿ ಎಳೆಯದೆ ಎತ್ತಿ ಇಟ್ಟುಕೊಂಡು ಕೂತಳು.

“ಕೊನೇಲಿ ಅವರು ಏಳೋದನ್ನ ಯಾಕೆ ತೋರಿಸ್ಲಿಲ್ಲ?”

ಹುಡುಗಿ ತಲೆ ತಗ್ಗಿಸಿದಳು. “ನಾನು ನೋಡೇ ಇಲ್ಲ ಮೇಡಂ.”

“ಅಂದ್ರೆ?”

“ಅಮ್ಮ ಏಳೋ ಹೊತ್ತಿಗೆ ನಾನು ಇಲ್ಲಿರ್ತೀನಿ. ಮೊದಲು ಸ್ಕೂಲು, ಈಗ ಕಾಲೇಜು. ರಜೆ ದಿನ ಸದ್ದಾಗ್ಬಾರ್ದು ಅಂತ ಮೊದಲು ಹೊರಗೆ ಆಡೋಕೆ, ಈಗ ಮಧ್ಯಾಹ್ನದಿಂದ ಜೆರಾಕ್ಸ್ ಅಂಗಡಿ ಕೆಲಸ. ನಾನು ಮನೆಗೆ ಹೋಗೋಷ್ಟ್ರಲ್ಲಿ ಎದ್ದು, ಮುಖ ತೊಳ್ಕೊಂಡು, ಡ್ಯೂಟಿಗೆ ರೆಡಿ ಆಗಿರ್ತಾಳೆ. ಏಳೋದು ಹೇಗಿರುತ್ತೆ ಅಂತ ಗೊತ್ತಿಲ್ಲ. ಗೊತ್ತಿಲ್ಲದೆ ಹೇಗೆ ತೆಗೀಲಿ?”

ಮೇಡಂ ಕಿಟಕಿಯ ಕಡೆ ನೋಡಿದರು. ಹೊರಗೆ ಬಿಸಿಲು ಎಲೆಗಳ ಮೇಲೆ ಗಟ್ಟಿಯಾಗಿ ಕೂತಿತ್ತು. ಆ ಕಡೆ ನೋಡುತ್ತಲೇ ಕೇಳಿದರು:

“ಅಮ್ಮ ಸಿನಿಮಾ ನೋಡಿದ್ರಾ?”

“ಶೋ ಹನ್ನೊಂದಕ್ಕಿತ್ತಲ್ಲ ಮೇಡಂ. ಅವಳು ಮಲಗಿದ್ಳು.”

“ಹಾಗಾದ್ರೆ ಒಂದು ಚೀಟಿ ಬಾಕಿ ಇದೆ ಅಂತಾಯ್ತು. ಗುರುವಾರ ನಾಲ್ಕೂವರೆಗೆ ಕರ್ಕೊಂಡು ಬಾ.”

ಗುರುವಾರ ಸಭಾಂಗಣದಲ್ಲಿ ನಾಲ್ಕೇ ಜನ. ತಾಯಿ, ಮಗಳು, ಮೇಡಂ, ಮತ್ತು ಗೊಣಗುತ್ತಲೇ ಬಂದಿದ್ದ ಪರೀಕ್ಷಕರು. ನರ್ಸಮ್ಮನ ದನಿ ಕೇಳಿ ಮೇಡಂ ಬೆಚ್ಚಿಬಿದ್ದರು. ವಾರ್ಡಿನ ಆ ತುದಿಯಿಂದ ಈ ತುದಿಗೆ ಕರೆದು ಕರೆದು ಬೆಳೆದ ಕಂಠ!

“ನಮಸ್ಕಾರ ಮೇಡಂ! ನಾನು ಮಲಗಿರೋದನ್ನ ಸಿನಿಮಾ ಮಾಡಿದಾಳಂತೆ, ಇವಳಿಗೆ ಬೇರೆ ಯಾರೂ ಸಿಗ್ಲಿಲ್ವಾ? ಆ ದಿನ ತಲೆಯಾದ್ರೂ ಬಾಚ್ಕೊಂಡು ಮಲಗ್ತಿದ್ದೆ!”

ಚಿತ್ರ ಶುರುವಾಯಿತು. ಮುದುಕರು ಕುರ್ಚಿ ಎತ್ತಿದಾಗ ನರ್ಸಮ್ಮ “ಅಯ್ಯೋ, ಅಪ್ಪಯ್ಯ, ಸೊಂಟ” ಎಂದರು. ನಲ್ಲಿಗೆ ಬಟ್ಟೆ ಕಟ್ಟುವ ಚಿಕ್ಕ ಮಗಳನ್ನು ಕಂಡಾಗ ಮುಂದಕ್ಕೆ ಬಾಗಿದರು. ಆಮೇಲೆ ಉಸಿರಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಪರದೆಯ ಮೇಲಿನದು ಯಾವುದು, ಕುರ್ಚಿಯಲ್ಲಿ ಕೂತವರದು ಯಾವುದು ಎಂದು ಮೇಡಂಗೆ ಗೊತ್ತಾಗದೆ ಹೋಯಿತು. ಹದಿನಾಲ್ಕು ವರ್ಷ ತಾನು ಕಣ್ಣು ಮುಚ್ಚಿದ ಮೇಲೆ ತನ್ನ ಮನೆ ಹೇಗಿರುತ್ತದೆ ಎಂದು ಆಕೆ ನೋಡುತ್ತಿದ್ದರು. ಎಂಟು ನಿಮಿಷವೂ ರೆಪ್ಪೆ ಬಡಿದಂತಿರಲಿಲ್ಲ. ಪರೀಕ್ಷಕರು ಪರದೆ ನೋಡುವುದು ಬಿಟ್ಟು ಆಕೆಯನ್ನೇ ನೋಡುತ್ತಿದ್ದರು.

ದೀಪ ಹೊತ್ತಿತು. ನರ್ಸಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಚೀಟಿ ಕೇಳಿ ಇಸಿದುಕೊಂಡರು. ‘ಇಷ್ಟವಾಗದ್ದು’ ಎಂಬಲ್ಲಿ ಬರೆದರು: ‘ಗೊರಕೆ ತೆಗೆಯಬೇಕು. ಕಿಟಕಿ ಪರದೆ ಕೊಳೆಯಾಗಿದೆ.’ ‘ಇಷ್ಟವಾದದ್ದು’ ಎಂಬಲ್ಲಿ ಪೆನ್ನು ಬಹಳ ಹೊತ್ತು ನಿಂತಿತು. ಕೊನೆಗೆ ಬರೆದದ್ದು ಒಂದೇ ಸಾಲು: ‘ನಾನು ಒಬ್ಬಳೇ ಮಲಗಿರುತ್ತೇನೆ ಅಂದುಕೊಂಡಿದ್ದೆ.’

ಪರೀಕ್ಷಕರು ಅದನ್ನು ಓದಿ ಕನ್ನಡಕ ತೆಗೆದು ಒರೆಸಿದರು. “ಒಂದು ಚೀಟಿಗೋಸ್ಕರ ನಲವತ್ತೊಂದನ್ನ ಮರೆಯೋಕಾಗಲ್ಲ ಮೇಡಂ,” ಅಂದರು.

“ಮರೀಬೇಡಿ ಸರ್. ಆ ಹದಿನೇಳನ್ನ ಇನ್ನೊಂದು ಸಲ ಓದಿ. ನಿದ್ದೆ ಬಂತು ಅಂದೋರಲ್ಲಿ ಬೇಜಾರಾಯ್ತು ಅಂತಾನೂ ಬರೆದೋರು ಎಷ್ಟು ಜನ, ನೀವೇ ಹೇಳಿ.”

ಅರ್ಧ ಗಂಟೆ ಹಗ್ಗಜಗ್ಗಾಟ ನಡೆಯಿತು. ಪರೀಕ್ಷಕರು ನಾಲ್ಕನ್ನು ಹೊಡೆದು ಹನ್ನೊಂದು ಮಾಡಿದರು, ಅದಕ್ಕಿಂತ ಮೇಲೇರಲಿಲ್ಲ. ಮೇಡಂ ಹದಿನಾರು ಹಾಕಿದರು. ಕಥೆಗೆ ಮಾತ್ರ ಅವರೂ ಕೈ ಬಿಗಿಹಿಡಿದರು. ಗೊತ್ತಿಲ್ಲದ್ದನ್ನು ತೆಗೆಯದೆ ಇದ್ದದ್ದು ಪ್ರಾಮಾಣಿಕತೆ ನಿಜ, ಆದರೆ ಗೊತ್ತಿಲ್ಲ ಎಂಬುದನ್ನಾದರೂ ನೋಡುವವರಿಗೆ ತಿಳಿಸಬೇಕಿತ್ತು ಎಂದು ಪಟ್ಟಿಯ ಅಂಚಿನಲ್ಲಿ ಬರೆದರು. ಒಟ್ಟು ಸೇರಿಸಿದರೆ ಹುಡುಗಿಗೆ ನೂರಕ್ಕೆ ಅರವತ್ತೊಂಬತ್ತು ಬಂತು. ಬಹುಮಾನ ಬೇರೆ ಚಿತ್ರಕ್ಕೆ ಹೋಯಿತು, ಕಳ್ಳನನ್ನು ಬೆನ್ನಟ್ಟುವ ಕಥೆಯದು. ಅದಕ್ಕೂ ಮೇಡಂ ಒಳ್ಳೆಯ ಅಂಕವನ್ನೇ ಕೊಟ್ಟಿದ್ದರು.

ಸಹಿ ಮಾಡಿ ಹೊರಗೆ ಬಂದಾಗ ಐದೂವರೆ. ತಾಯಿ ಮಗಳು ಗೇಟಿನ ಬಳಿ ನಿಂತಿದ್ದರು. ಆಸ್ಪತ್ರೆಗೆ ಹೋಗುವ ದಾರಿಯೂ ಮೇಡಂನ ಬಸ್‌ಸ್ಟಾಪಿನ ದಾರಿಯೂ ಒಂದೇ ಆದ್ದರಿಂದ ಮೂವರೂ ಜೊತೆಗೆ ನಡೆದರು. ಬೆಳಕು ಬೀದಿಯಲ್ಲಿ ಜೇನಿನಂತೆ ನಿಧಾನವಾಗಿ ಹರಿಯುತ್ತಿತ್ತು. ಸೈಕಲ್ಲುಗಳು, ಅಂಗಡಿಯ ಗಾಜು, ನರ್ಸಮ್ಮನ ಬಿಳಿ ಚಪ್ಪಲಿ, ಎಲ್ಲಕ್ಕೂ ಮೇಡಂನ ಹೊಸ ಕಣ್ಣಿನಲ್ಲಿ ಒಂದೊಂದು ಸಣ್ಣ ಪ್ರಭೆ.

“ಭಾನುವಾರ ಅಂಗಡಿಗೆ ರಜಾ ಹಾಕ್ತೀನಿ ಅಂತಾಳೆ ಮೇಡಂ,” ಎಂದರು ನರ್ಸಮ್ಮ, ಬೀದಿಗೆಲ್ಲ ಕೇಳುವಂತೆ. “ನಾನು ಏಳೋದನ್ನ ನೋಡ್ಬೇಕಂತೆ! ಅದರಲ್ಲಿ ನೋಡೋಕೇನಿದೆ ಹೇಳಿ? ಎದ್ದ ತಕ್ಷಣ ನಂಗೆ ಎಲ್ಲಿದ್ದೀನಿ ಅನ್ನೋದೇ ತಿಳಿಯಲ್ಲ. ಒಂದು ನಿಮಿಷ ಪೆದ್ದಿ ಥರ ಗೋಡೆ ನೋಡ್ತಿರ್ತೀನಿ.”

“ಆ ಒಂದು ನಿಮಿಷಾನೇ ಅವಳಿಗೆ ಬೇಕಾಗಿರೋದು,” ಎಂದರು ಮೇಡಂ.

ಸ್ಟಾಪು ಬಂತು. ಮೇಡಂ ನಿಂತರು, ಅವರಿಬ್ಬರು ಮುಂದೆ ನಡೆದರು. ಮಾತು ದೂರವಾಗಿ, ಪದಗಳು ಕರಗಿ, ಬರೀ ದನಿಯಾಗಿ, ಆ ದನಿಯೂ ಸಂಜೆಯ ಗದ್ದಲದಲ್ಲಿ ಬೆರೆತುಹೋಯಿತು. ಬಸ್ಸು ಬಂದು ನಿಂತು ಹಾರ್ನ್ ಹೊಡೆದದ್ದು ಮೇಡಂಗೆ ಕೇಳಿಸಿತು. ಈ ಬೆಳಕು ಇರುವಷ್ಟು ಹೊತ್ತು ಇರೋಣ, ಮುಂದಿನದಕ್ಕೆ ಹೋದರಾಯಿತು ಎಂದುಕೊಂಡು ಅಲ್ಲೇ ಬೆಂಚಿನ ಮೇಲೆ ಕೂತರು.