ಸೋಮಾರಿ ಗಡಿಯಾರ

ನನ್ನ ತಮ್ಮನಿಗೆ ಇಪ್ಪತ್ತನಾಲ್ಕು ವರ್ಷ, ಅವನ ಏದುಸಿರಿಗೆ ಮಾತ್ರ ಎಪ್ಪತ್ತು. ಅವನು ಕೆಲಸ ಮಾಡುವ ಸೋದರಮಾವನ ವಾಚ್ ರಿಪೇರಿ ಅಂಗಡಿ ಇರುವುದು ಮೂರನೇ ಮಹಡಿಯಲ್ಲಿ. ಮೆಟ್ಟಿಲು ಹತ್ತಿ ಕುರ್ಚಿಯಲ್ಲಿ ಕುಸಿದರೆ ಎದೆ ಢವಢವ, ಕೈ ಗಡಗಡ. ಚಿಮುಟದ ತುದಿಯಿಂದ ಸಾಸಿವೆಗಿಂತ ಸಣ್ಣ ಸ್ಕ್ರೂ ಹಾರಿ ಮೇಜಿನಡಿ ಮಾಯವಾಗುತ್ತಿತ್ತು. ಅಲ್ಲಿಂದ ಊಟದ ಹೊತ್ತಿನವರೆಗೆ ನೆಲದ ಮೇಲೆ ಅಂಬೆಗಾಲು.

ಒಂದು ದಿನ ಮಾವನ ತಾಳ್ಮೆ ಕೆಟ್ಟಿತು. "ಇನ್ನೊಂದು ಸ್ಕ್ರೂ ಕಳ್ಕೊಂಡ್ರೆ ಕುರ್ಚಿ ಬಿಟ್ಟು ಬಾಗಿಲಲ್ಲಿ ವಾಚ್ ಬೆಲ್ಟ್ ಮಾರ್ಕೊಂಡಿರು" ಎಂದುಬಿಟ್ಟರು. ಆ ಕುರ್ಚಿಯೆಂದರೆ ತಮ್ಮನಿಗೆ ಪ್ರಾಣ. ಸಂಜೆ ಜೋಲುಮೋರೆ ಹಾಕಿಕೊಂಡು ನನ್ನೆದುರು ಕೂತ.

ನಾನು ಆಸ್ಪತ್ರೆಯಲ್ಲಿ ಜನರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ಹೃದಯ ಪರೀಕ್ಷೆ ಮಾಡುವವಳು. ಮೊದಲು ಇವನನ್ನೂ ಓಡಿಸಿ, ಹೃದಯಕ್ಕೆ ಸೋಮಾರಿತನ ಬಿಟ್ಟು ಬೇರೆ ಕಾಯಿಲೆಯಿಲ್ಲ ಎಂದು ಖಾತ್ರಿ ಮಾಡಿಕೊಂಡೆ. "ಅರ್ಧ ನಿಮಿಷ ಎದ್ದೆನೋ ಬಿದ್ದೆನೋ ಅಂತ ಮೆಟ್ಟಿಲು ಹತ್ತಿ ಇಳಿ. ಆಮೇಲೆ ಉಸಿರು ಹದಕ್ಕೆ ಬರೋವರೆಗೂ ಅಡ್ಡಾಡು. ಮತ್ತೆ ಓಡು. ಒಂದಿನ ಬಿಟ್ಟು ಒಂದಿನ. ಹೃದಯ ಗಟ್ಟಿಯಾದ್ರೆ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುತ್ತೆ, ಸುಮ್ಸುಮ್ನೆ ಅವಸರ ಪಡಲ್ಲ" ಎಂದೆ.

ಮಹಾಶಯ ಅರ್ಧ ನಿಮಿಷ ಲೆಕ್ಕ ಇಡಲೆಂದು ಅಂಗಡಿಯ ಮೂಲೆಯಲ್ಲಿದ್ದ ಒಂದು ಗೋಡೆ ಗಡಿಯಾರ ತಂದು ಮೆಟ್ಟಿಲ ತಿರುವಿನಲ್ಲಿ ನೇತುಹಾಕಿದ. ಎರಡನೇ ಮಹಡಿಯ ಹಲ್ಲಿನ ಡಾಕ್ಟರ ಬಳಿ ಬಂದವರು ಅವನ ನರಳಾಟ ಕೇಳಿ, ಒಳಗೆ ಯಾರದೋ ಹಲ್ಲು ಕೀಳುತ್ತಿದ್ದಾರೆಂದು ತಿಳಿದು ಬಂದ ದಾರಿಯಲ್ಲೇ ವಾಪಸಾದರು.

"ಅಕ್ಕಾ, ನಿನ್ನ ಅರ್ಧ ನಿಮಿಷ ಮುಗಿಯೋದೇ ಇಲ್ಲ" ಎಂದು ಗೋಳಾಡಿದ.

"ಕಷ್ಟದಲ್ಲಿ ಹೊತ್ತು ಹೋಗಲ್ಲ ಕಣೋ" ಎಂದೆ.

ಎರಡು ತಿಂಗಳಾಗುವಷ್ಟರಲ್ಲಿ ಅವನು ಮೆಟ್ಟಿಲು ಹತ್ತಿ ಬಂದು ಸಿಳ್ಳೆ ಹೊಡೆಯುತ್ತಿದ್ದ. ನಾನು ಅಂಗಡಿಗೆ ಹೋಗಿದ್ದ ದಿನವೇ ಮಾವ ತೀರಾ ಪುಟ್ಟ ವಾಚೊಂದನ್ನು ಅವನ ಮುಂದಿಟ್ಟು ಪರೀಕ್ಷಿಸಿದರು. ಸ್ಕ್ರೂ ಒಂದೇ ಸಲಕ್ಕೆ ಕೂತಿತು. ಕುರ್ಚಿ ಉಳಿಯಿತು. ನನಗಂತೂ ಹೆಮ್ಮೆಯಿಂದ ಕಣ್ಣು ತುಂಬಿತು.

"ಸರಿ, ಮೆಟ್ಟಿಲಲ್ಲಿರೋ ಗಡಿಯಾರ ಬಿಚ್ಕೊಂಡ್ ಬಾ" ಎಂದರು ಮಾವ. "ಅದು ರಿಪೇರಿಗೆ ಬಂದಿದ್ದು. ಮುಳ್ಳು ತೆವಳುತ್ತೆ, ಒಂದು ನಿಮಿಷ ಮುಗಿಸೋಕೆ ಎರಡು ನಿಮಿಷ ತಗೊಳ್ಳುತ್ತೆ."

ಗಡಿಯಾರ ರಿಪೇರಿಯವನೇ ಗಡಿಯಾರವನ್ನು ಕಣ್ಮುಚ್ಚಿ ನಂಬಿದ್ದ. ನಾನು ನಗು ತಡೆಯಲಾರದೆ ಮೇಜಿಗೆ ಒರಗಿದೆ, ಸ್ಕ್ರೂ ಡಬ್ಬಿ ನೆಲಕ್ಕೆ ಚೆಲ್ಲಿತು. ಮೂವರೂ ಅಂಬೆಗಾಲಿಕ್ಕಿ ಹೆಕ್ಕಿದೆವು. ಎದ್ದಾಗ ಏದುಸಿರು ಬಿಡುತ್ತಿದ್ದವರು ಮಾವ ಒಬ್ಬರೇ.

ತಮ್ಮ ಅವರನ್ನು ಬಹಳ ಪ್ರೀತಿಯಿಂದ ನೋಡಿದ.

"ಮಾವ, ನಾಳೆ ಅಕ್ಕನ ಹತ್ರ ಎದೆ ತೋರಿಸ್ಕೊಂಡು ನೀವೂ ಮೆಟ್ಟಿಲಿಗೆ ಬನ್ನಿ. ಈ ಗಡಿಯಾರ ರಿಪೇರಿಯಾಗೋಕೆ ಇನ್ನೂ ಎರಡು ತಿಂಗಳು ಹಿಡಿಯುತ್ತೆ."