ಗಂಟಿಲ್ಲದ ಹಲಗೆ

ಇಸಳೂರಿನ ನಾಗಪ್ಪನ ಬಡಗಿ ಶೆಡ್ಡಿನಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ ಇದೆ. ಅವನು ಕೂತುಕೊಳ್ಳಲಿ ಎಂದೇ ಹೆಂಡತಿ ಕಲ್ಲವ್ವ ಶಿರಸಿ ಪೇಟೆಯಿಂದ ಬಸ್ಸಿನಲ್ಲಿ ಹೊತ್ತು ತಂದದ್ದು. ತಂದು ಹತ್ತಿರ ಹತ್ತಿರ ಒಂದು ವರ್ಷವಾಯಿತು. ಇಲ್ಲಿಯವರೆಗೆ ಆ ಕುರ್ಚಿಯ ಮೇಲೆ ಮರದ ಹೊಟ್ಟು ಕೂತಿದೆ, ಬೆಕ್ಕು ಕೂತಿದೆ, ಅಳತೆ ಕೊಡಲು ಬಂದ ಗಿರಾಕಿಗಳೆಲ್ಲ ಕೂತಿದ್ದಾರೆ, ನಾಗಪ್ಪನೊಬ್ಬ ಕೂತಿಲ್ಲ. ಮಷಿನ್ ಶುರುವಾದರೆ ಸಾಕು, ಮೈಮೇಲೆ ಇರುವೆ ಬಿಟ್ಟವನ ಹಾಗೆ ಆಡುತ್ತಾನೆ. ಬಾಗಿಲಿಗೆ ಹೋಗುತ್ತಾನೆ, ಬರುತ್ತಾನೆ, ಸ್ವಿಚ್ಚಿನ ಹತ್ತಿರ ನಿಲ್ಲುತ್ತಾನೆ, ಎಡಗೈಯನ್ನು ಪ್ಯಾಂಟಿನ ಕಿಸೆಗೆ ತುರುಕುತ್ತಾನೆ. ಆ ಕೈಯಲ್ಲಿ ಉಂಗುರದ ಬೆರಳೂ ಕಿರುಬೆರಳೂ ಇಲ್ಲ, ನಡುಬೆರಳು ಅರ್ಧ ಇದೆ. ಇಲ್ಲದ ಬೆರಳುಗಳೇ ಅವನಿಗೆ ಹೆಚ್ಚು ತುರಿಸುತ್ತವೆ.

ನಾಗಪ್ಪ ಬನವಾಸಿ ಕಡೆಯ ಒಕ್ಕಲುತನದ ಮನೆಯವನು. ಅಜ್ಜ ಮುತ್ತಜ್ಜ ಯಾರೂ ಉಳಿ ಹಿಡಿದವರಲ್ಲ. "ನಮ್ಮ ಮನ್ಯಾಗ ಕಟಗಿ ಅಂದ್ರ ಬರೇ ಒಲೀಗೆ" ಎಂದು ತಾಯಿ ಗುರುಶಾಂತವ್ವ ಈಗಲೂ ಹಂಗಿಸುತ್ತಾಳೆ. ಹದಿನೇಳನೆಯ ವಯಸ್ಸಿನಲ್ಲಿ, ಮನೆಗೆ ಬಾಗಿಲು ಕೂರಿಸಲು ಬಂದಿದ್ದ ಬಡಿಗನ ಬೆನ್ನು ಹತ್ತಿ ಹೋದವನು ಮತ್ತೆ ಹೊಲದ ಕಡೆ ಮುಖ ಮಾಡಲಿಲ್ಲ. ಶಿರಸಿಯ ಮರದ ಮಿಲ್ಲಿನಲ್ಲಿ ಹಲಗೆ ಹೊತ್ತ, ಕೆಲಸ ಕಲಿತ, ಇಸಳೂರಿನಲ್ಲಿ ಹೊಸ ಮನೆಗಳು ಏಳತೊಡಗಿದಾಗ ತಗಡಿನ ಶೆಡ್ ಹಾಕಿಕೊಂಡ. ಹುಬ್ಬಳ್ಳಿಯಿಂದ ಒಂದು ಹಳೆಯ ಶೇಪರ್ ಮಷಿನ್ ತಂದ.

ಶೇಪರ್ ಅಂದರೆ ನೋಡಲಿಕ್ಕೆ ಏನೂ ಇಲ್ಲ. ನಡುವೆ ತೂತಿರುವ ಕಬ್ಬಿಣದ ಮೇಜು, ತೂತಿನಿಂದ ಮೇಲೆದ್ದ ಒಂದು ದಪ್ಪ ಸರಳು, ಸರಳಿಗೆ ಮೂರು ಹಲ್ಲಿನ ಕಟ್ಟರ್. ಕಟ್ಟರ್ ತಿರುಗುವಾಗ ಹಲಗೆಯ ನಾಲ್ಕೂ ಅಂಚನ್ನು ಅದಕ್ಕೆ ತಿನ್ನಿಸಿದರೆ ಅಂಚು ಇಳಿಜಾರಾಗಿ ತೆಳುವಾಗುತ್ತದೆ, ನಡುಭಾಗ ಉಬ್ಬಿ ನಿಲ್ಲುತ್ತದೆ. ಅದನ್ನು ಚೌಕಟ್ಟಿನಲ್ಲಿ ಕೂರಿಸಿದರೆ ಕಪಾಟಿಗೆ ಉಬ್ಬು ಬಾಗಿಲು ಆಯಿತು. ಪ್ಲೈವುಡ್ಡಿನ ಈ ಕಾಲದಲ್ಲೂ ಅಡುಗೆಮನೆಗೆ ಹಲಸಿನ ಉಬ್ಬು ಬಾಗಿಲೇ ಬೇಕು ಎನ್ನುವವರು ನಾಗಪ್ಪನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಬಂದವರು ಬಾಗಿಲಿನ ಜೊತೆಗೆ ಉಪದೇಶವನ್ನೂ ಕಟ್ಟಿಕೊಂಡೇ ಹೋಗಬೇಕಿತ್ತು. ಕಟ್ಟರ್ ತಿರುಗುವುದಕ್ಕೆ ಎದುರಾಗಿಯೇ ಹಲಗೆ ನೂಕಬೇಕು, ಅದು ಹೋಗುವ ಕಡೆಗೇ ನೂಕಿದರೆ ಹಲಗೆಯನ್ನೂ ಕಸಿದುಕೊಂಡು ಕೈಯನ್ನೂ ಎಳೆದುಕೊಳ್ಳುತ್ತದೆ. ಮೊದಲು ಅಡ್ಡ ನಾರಿನ ಅಂಚು, ಆಮೇಲೆ ಉದ್ದ ನಾರಿನದು. ಮೊದಲನೆಯದರಲ್ಲಿ ಮೂಲೆ ಸಿಗಿದರೂ ಎರಡನೆಯದು ಅದನ್ನು ಕೆತ್ತಿ ತೆಗೆಯುತ್ತದೆ. ಒಂದೇ ಸಲಕ್ಕೆ ಪೂರ್ತಿ ತಿನ್ನಿಸಬಾರದು, ಮೂರು ಸಲ ಸ್ವಲ್ಪ ಸ್ವಲ್ಪ. ಗೇಣಗಲದ ತುಂಡನ್ನು ಬರಿಗೈಯಲ್ಲಿ ಹಿಡಿಯಲೇಬಾರದು, ದೊಡ್ಡ ಹಲಗೆಗೆ ಬಿಗಿದುಕೊಂಡೇ ನೂಕಬೇಕು. ಎಲ್ಲಕ್ಕಿಂತ ಮೇಲೆ, ಕಟ್ಟರಿನ ಮೇಲೆ ಟೋಪಿಯ ಹಾಗೆ ಕೂರುವ ಆ ಕಬ್ಬಿಣದ ಗಾರ್ಡ್. ಗಾರ್ಡ್ ತೆಗೆದಿಟ್ಟು ಕೆಲಸ ಮಾಡುವ ಬಡಿಗರನ್ನು ಕಂಡರೆ ಅವನಿಗೆ ಉರಿಯುತ್ತಿತ್ತು. "ಬೆರಳು ಭಾಳ ಹೆಚ್ಚಾಗ್ಯಾವೇನ್ಪಾ ನಿಂಗ?" ಎಂದು ನಾಲ್ಕು ಜನರ ಎದುರಿಗೇ ಕೇಳಿಬಿಡುತ್ತಿದ್ದ. ಗಿರಾಕಿಗಳ ಮುಂದೆ ಎರಡೂ ಕೈ ಚಾಚುತ್ತಿದ್ದ. "ಇಪ್ಪತ್ತೆರಡು ವರ್ಷ ಆತು. ಎಣಿಸ್ಕೊಳ್ರಿ."

ಕಳೆದ ವರ್ಷ ದಸರೆ ಮುಗಿದ ಮಾರನೆಯ ದಿನ ಆ ಎಣಿಕೆ ತಪ್ಪಿತು. ಹೇಗಾಯಿತೆಂದು ಇಸಳೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹಲಸಿನ ಹಲಗೆಯೊಳಗೆ ಕಾಣದ ಗಂಟಿತ್ತಂತೆ, ಕಟ್ಟರ್ ಗಂಟಿಗೆ ಬಡಿದು ಹಲಗೆ ಹಾರಿತಂತೆ, ಗಾರ್ಡ್ ಇದ್ದೂ ಕೈ ಒಳಗೆ ಹೋಯಿತಂತೆ. ಹಲಗೆ ಕೊಟ್ಟವನು ಹುಲಗೋಳದ ಮನೋಹರ, ತನ್ನ ಹಿತ್ತಲಲ್ಲಿ ಬಿದ್ದ ಹಲಸಿನ ಮರವನ್ನು ಸಿಗಿಸಿ ತಂದುಕೊಟ್ಟ ರೈತ. ಅವನು ಆಸ್ಪತ್ರೆಗೇ ಬಂದು ಮಂಚದ ಪಕ್ಕ ನಿಂತು ಅತ್ತುಬಿಟ್ಟಿದ್ದ. "ನಾಗಪ್ಪಣ್ಣ, ನಂದೇ ತಪ್ಪು ಮಾರಾಯ. ಕೊಡೋ ಮುಂಚೆ ನಾ ಸಮಾ ನೋಡ್ಬೇಕಾಗಿತ್ತು." ನಾಗಪ್ಪ ಗೋಡೆಯ ಕಡೆ ತಿರುಗಿ, "ಇರ್ಲಿ ಬಿಡು" ಎಂದಿದ್ದ. ಅದೇ ಮರದ ಉಳಿದ ಹಲಗೆಗಳನ್ನು ಮನೋಹರ ಯಾರಿಗೂ ಮಾರಲಿಲ್ಲವಂತೆ. ಕೊಟ್ಟಿಗೆಯಲ್ಲಿ ಪೇರಿಸಿಟ್ಟು ಮೇಲೆ ತಾಡಪಾಲು ಹೊದಿಸಿದ್ದಾನಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಇಲ್ಲಿ ಎಮ್ಮೆ ತಾನಾಗಿಯೇ ಬಂದು ಬೆನ್ನು ಕೊಟ್ಟಿತ್ತು.

ಯಾಕೆಂದರೆ ಗಂಟು ಇರಲೇ ಇಲ್ಲ.

ಆಯುಧ ಪೂಜೆಯ ದಿನ ನಾಗಪ್ಪ ಕಟ್ಟರಿಗೆ ವಿಭೂತಿ ಹಚ್ಚಲೆಂದು ಗಾರ್ಡ್ ಬಿಚ್ಚಿದ್ದ. ವರ್ಷವೂ ಬಿಚ್ಚುತ್ತಿದ್ದ, ದೇವರಿಗೆ ಮುಸುಕು ಹಾಕಿ ಯಾರಾದರೂ ಪೂಜೆ ಮಾಡುತ್ತಾರೆಯೇ ಎಂಬುದು ಅವನ ವಾದ. ಬಿಚ್ಚಿದ ಗಾರ್ಡಿಗೂ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಪಟದ ಮುಂದೆ ಇಟ್ಟಿದ್ದ. ಪೂಜೆಯ ಹೂವನ್ನು ಮನೆಯ ಹೆಣ್ಣುಮಕ್ಕಳೇ ತೆಗೆಯಬೇಕು ಎಂಬುದು ಗುರುಶಾಂತವ್ವನ ಕಟ್ಟಳೆ. ದಸರೆಯ ಮಾರನೆಯ ದಿನ ಕಲ್ಲವ್ವ ಇನ್ನೂ ಮನೆಯಲ್ಲಿ ನೆಂಟರಿಗೆ ರೊಟ್ಟಿ ಬಡಿಯುತ್ತಿದ್ದಳು. ಒಂದು ಡ್ರಾಯರಿನ ಮುಖ ಮಾತ್ರ ಬಾಕಿ ಇತ್ತು, ಗೇಣಗಲದ್ದು. ಒಂದೇ ತುಂಡು, ಒಂದೇ ನಿಮಿಷ, ಹೂವು ಯಾಕೆ ಕದಲಿಸಬೇಕು ಎಂದುಕೊಂಡ ನಾಗಪ್ಪ ಗಾರ್ಡಿಲ್ಲದ ಮಷಿನ್ನಿಗೆ ಬರಿಗೈಯಲ್ಲೇ ತುಂಡು ಹಿಡಿದ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ನಿಮಿಷವೂ ಬೇಕಾಗಲಿಲ್ಲ.

ಕೂಗು ಕೇಳಿ ಓಡಿ ಬಂದ ಕಲ್ಲವ್ವ ರಕ್ತ ನೋಡಿದಳೇ ಹೊರತು ಮಷಿನ್ ನೋಡಲಿಲ್ಲ. ಆಸ್ಪತ್ರೆಯಲ್ಲಿ "ಹ್ಯಾಂಗಾತ್ರೀ?" ಎಂದು ಅವಳು ಕೇಳಿದಾಗ ನಾಗಪ್ಪನ ಕಣ್ಣ ಮುಂದೆ ಬಂದದ್ದು ತಾನು ಬೈದ ಬಡಿಗರ ಮುಖಗಳು. ಬಾಯಿ ತಾನಾಗಿಯೇ "ಗಂಟು" ಎಂದಿತು. ನಾಲ್ಕನೆಯ ದಿನ ಮನೆಗೆ ಬಂದವನು ನೀರನ್ನೂ ಕುಡಿಯದೆ, ಅಂದಿನಿಂದ ಬೀಗ ಹಾಕಿಯೇ ಇದ್ದ ಶೆಡ್ಡಿಗೆ ನೇರ ಹೋಗಿ, ಒಂದೇ ಕೈಯಲ್ಲಿ ಗಾರ್ಡ್ ಕೂರಿಸಿದ. ಆ ತುಂಡನ್ನು ಸಿಮೆಂಟ್ ಚೀಲದ ಕಾಗದದಲ್ಲಿ ಸುತ್ತಿ ಗೋಡೆಗೂ ತಗಡಿಗೂ ನಡುವಿನ ಸಂದಿಗೆ ತುರುಕಿದ. ಇಂಥ ಹೊತ್ತಿನಲ್ಲೂ ಈ ಮನುಷ್ಯನಿಗೆ ಕೆಲಸದ್ದೇ ಧ್ಯಾನ ಎಂದು ಕಲ್ಲವ್ವ ಅತ್ತೆಯ ಮುಂದೆ ಹೇಳಿಕೊಂಡು ಕಣ್ಣೊರೆಸಿಕೊಂಡಳು. ಒಳಗಿನಿಂದ ಅದು ಕೇಳಿಸಿ ನಾಗಪ್ಪನಿಗೆ ಎಲ್ಲಿಯಾದರೂ ಓಡಿಹೋಗೋಣ ಅನ್ನಿಸಿತ್ತು.

ಗಾಯ ಮಾಯಿತು, ಹಿಡಿತ ಬರಲಿಲ್ಲ. ಕಲ್ಲವ್ವ ಹದಿನೈದು ವರ್ಷ ಅದೇ ಶೆಡ್ಡಿನಲ್ಲಿ ಪಾಲಿಶ್ ಕಾಗದ ಉಜ್ಜಿದವಳು. ಒಂದು ಬೆಳಿಗ್ಗೆ ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ತೋಳಿನ ಗುಂಡಿ ಬಿಗಿದು, ಸೆರಗು ಸೊಂಟಕ್ಕೆ ಕಟ್ಟಿ ಮಷಿನ್ನಿನ ಮುಂದೆ ನಿಂತಳು. "ನೀವು ಬಾಯಿಲೆ ಹೇಳ್ರಿ, ನಾ ಕೈಲೆ ಮಾಡ್ತೀನಿ." ಹಸಿರು ಬಳೆಗಳನ್ನು ಬಿಡಿಸಿ ಮೊಳೆಗೆ ತೂಗುಹಾಕಿದ್ದು ಕಂಡು ಗುರುಶಾಂತವ್ವ ರಂಪ ಮಾಡಿದಳು: ಗಂಡ ಕಣ್ಣೆದುರಿಗೇ ಇರುವಾಗ ಬರಿಗೈಯೇ? ಕಲ್ಲವ್ವ ದನಿ ಏರಿಸಲಿಲ್ಲ. "ಬಳಿ ಮತ್ತ ಇಟ್ಕೋತೀನ್ರೀ ಅತ್ತಿ. ಬೆರಳ ಹೋದ್ರ ಮತ್ತ ಇಟ್ಕೊಳ್ಳಾಕ ಬರ್ತೈತೇನ್ರೀ?"

ಅವಳ ಕೈ ನಾಗಪ್ಪನ ಕೈಗಿಂತ ನಿಧಾನ, ಆದರೆ ಅಂಚು ಬೆಣ್ಣೆಯ ಹಾಗೆ ಬರುತ್ತಿತ್ತು. ಒಂದೇ ವಿಚಿತ್ರ, ಅವಳಿಗೆ ಗಂಟಿನ ಹುಚ್ಚು ಹಿಡಿಯಿತು. ಹಲಗೆ ಬಂದರೆ ಬೆಳಕಿಗೆ ಹಿಡಿಯುವಳು, ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುವಳು, ಕಣ್ಣು ಮುಚ್ಚಿ ಅಂಗೈಯಿಂದ ಎರಡೂ ಮಗ್ಗುಲು ಸವರುವಳು. ಕಡಲೆಯಷ್ಟು ಗಂಟು ಕಂಡರೂ ಹಲಗೆ ಆಚೆ. "ನಿಮ್ಮ ಬೆರಳ ತಿಂದದ್ದು ಇದ ಅಲ್ಲೇನ್ರೀ" ಎನ್ನುವಳು. ನಾಗಪ್ಪ ಬಾಗಿಲಿಗೆ ಹೋಗುವನು, ಬರುವನು.

ಈ ವರ್ಷದ ಆಯುಧ ಪೂಜೆಗೆ ಒಂದು ವಾರ ಉಳಿದಿತ್ತು. ಜ್ಯೋತಿ ಟೀಚರ ಹೊಸ ಮನೆಯ ಅಡುಗೆಮನೆಗೆ ಹನ್ನೆರಡು ಉಬ್ಬು ಬಾಗಿಲು ಮುಗಿದಿದ್ದವು. ಬಾಕಿ ಇದ್ದದ್ದು ಸಾಂಬಾರ ಡಬ್ಬಿಗಳ ನಾಲ್ಕು ಪುಟ್ಟ ಡ್ರಾಯರುಗಳ ಮುಖ, ಗೇಣಗಲದವು. ಬೆಳಿಗ್ಗೆ ಹತ್ತರ ಸುಮಾರಿಗೆ ಕಲ್ಲವ್ವ ಮೊದಲ ತುಂಡನ್ನು ಸವರಿ, ಬಡಿದು, ಬೆಳಕಿಗೆ ಹಿಡಿದು ತಲೆಯಾಡಿಸಿದಳು. ಆಮೇಲೆ ಪಾನಾ ತೆಗೆದುಕೊಂಡು ಗಾರ್ಡಿನ ಬೋಲ್ಟು ಸಡಿಲಿಸಿ, ಅದನ್ನು ಮೇಲಕ್ಕೆತ್ತಿ ಕಟ್ಟಿದಳು.

ಬಾಗಿಲಿನಲ್ಲಿದ್ದ ನಾಗಪ್ಪ ಎರಡೇ ಹೆಜ್ಜೆಗೆ ಒಳಗೆ ಬಂದ. "ಏ, ಅದನ್ಯಾಕ ಎತ್ತಿದಿ?"

"ಅಡ್ಡ ಬರ್ತೈತ್ರೀ. ತುಂಡು ಸಣ್ಣದು, ಕಟ್ಟರ್ ಕಾಣಂಗಿಲ್ಲ."

"ಇಳಸು ಅದನ್ನ. ತುಂಡನ್ನ ದೊಡ್ಡ ಹಲಿಗಿಗೆ ಬಿಗಿ."

"ಹಲಿಗಿ ಸ್ವಚ್ಛ ಐತಿ, ಒಂದ ಗಂಟಿಲ್ಲ. ಗಂಟಿಲ್ಲದ ಹಲಿಗಿ ಏನ್ ಮಾಡ್ತೈತಿ?" ಕಲ್ಲವ್ವ ನಕ್ಕಳು. "ಮತ್ತ ಗಾರ್ಡ್ ಅಂತೀರಿ. ಅದು ಇದ್ದೂ ನಿಮ್ಮ ಬೆರಳ ಉಳೀಲಿಲ್ಲಲ್ಲ. ಇದ್ರೇನು, ಬಿಟ್ರೇನು?"

ಇಷ್ಟು ದಿನ ಸುಳ್ಳು ತನ್ನೊಬ್ಬನ ಮಾನ ಮುಚ್ಚುವ ಬಟ್ಟೆ ಎಂದುಕೊಂಡಿದ್ದ ನಾಗಪ್ಪ. ಅದು ಹೆಂಡತಿಯ ಕೈಯನ್ನು ಹಿಡಿದು ಕಟ್ಟರಿನ ಬಾಯಿಗೆ ಒಯ್ಯುತ್ತಿರುವುದು ಈಗ ಕಂಡಿತು. ಇವನು ಬಾಯಿಂದ ಹೇಳಿದ್ದನ್ನೇ ಅವಳು ಕೈಯಿಂದ ಮಾಡುತ್ತಿದ್ದಳು. ಗುಂಡಿ ಒತ್ತಿದಳು, ಮಷಿನ್ ಹೂಂಕರಿಸಿತು. ಎಡಗೈಯಲ್ಲಿ ಇಲ್ಲದ ಬೆರಳುಗಳು ಬೆಂಕಿ ಹತ್ತಿದಂತೆ ಉರಿದವು. ನಾಗಪ್ಪ ಹಾರಿ ಹೋಗಿ ಗೋಡೆಯ ಮೇನ್ ಸ್ವಿಚ್ ಕೆಳಗೆಳೆದ.

"ಏನ್ರೀ ನಿಮ್ದು!" ಕಲ್ಲವ್ವ ಸಿಟ್ಟಿನಿಂದ ತಿರುಗಿದಳು. "ಮಾಡಾಕ ಬಿಡ್ತೀರೋ ಇಲ್ಲೋ? ವರ್ಷ ಆತು, ಒಂದ ಕಡೆ ಕೂಡಂಗಿಲ್ಲ, ನಿಂದ್ರಂಗಿಲ್ಲ, ನನ್ನ ಜೀವಾ ತಿಂತೀರಿ!"

ನಾಗಪ್ಪ ನೀಲಿ ಕುರ್ಚಿಯನ್ನು ಹಿಂದಿನ ಗೋಡೆಗೆ ಎಳೆದು, ಹತ್ತಿ ನಿಂತು, ತಗಡಿನ ಕೆಳಗಿನ ಸಂದಿಗೆ ಕೈ ಹಾಕಿದ. ಜೇಡರ ಬಲೆ ಹಿಡಿದ ಕಾಗದದ ಸುರುಳಿ ಬಂತು. ಬಿಚ್ಚಿ ಆ ತುಂಡನ್ನು ಅವಳ ಕೈಗೆ ಕೊಟ್ಟ. ಒಂದು ಅಂಚು ಅರ್ಧ ಕೆತ್ತಿದ ಹಾಗಿತ್ತು, ಅರ್ಧ ಕಚ್ಚಿ ಹರಿದಂತಿತ್ತು. ಹಲಸಿನ ಹಳದಿಯ ಮೇಲೆ ಕಂದು ಕಲೆ ಒಣಗಿ ಹತ್ತಿಕೊಂಡಿತ್ತು. ಅದೇನೆಂದು ಕಲ್ಲವ್ವನಿಗೆ ಹೇಳಬೇಕಾಗಲಿಲ್ಲ.

"ಗಂಟು ಹುಡುಕು" ಎಂದ ನಾಗಪ್ಪ.

ಅವಳು ಅಂಗಿಯ ತುದಿಯಿಂದ ಧೂಳು ಒರೆಸಿದಳು. ಬಾಗಿಲ ಬೆಳಕಿಗೆ ಹಿಡಿದಳು. ಗೆಣ್ಣಿನಿಂದ ಬಡಿದು ಕಿವಿಗೊಟ್ಟಳು. ಕಣ್ಣು ಮುಚ್ಚಿ ಈ ಮಗ್ಗುಲು ಸವರಿದಳು, ಆ ಮಗ್ಗುಲು ಸವರಿದಳು, ಮತ್ತೆ ಮೊದಲಿನಿಂದ ಸವರಿದಳು. ನಾರು ಈ ತುದಿಯಿಂದ ಆ ತುದಿಗೆ ಗೆರೆ ಎಳೆದ ಹಾಗೆ ನೇರವಾಗಿತ್ತು. ಅವಳು ಕಣ್ಣು ತೆರೆದಾಗ ನಾಗಪ್ಪ ಹೇಳಿದ. ಗಾರ್ಡ್, ವಿಭೂತಿ, ಹೂವಿನ ಹಾರ, ಒಂದೇ ನಿಮಿಷ, ಎಲ್ಲ ಹೇಳಿದ. ನಾಚಿಕೆಯಾಯಿತು ಅಂದ. ಊರಿಗೆಲ್ಲ ಹತ್ತು ಬೆರಳು ಎಣಿಸಿ ತೋರಿಸಿದವನು ಇದನ್ನು ಯಾವ ಬಾಯಿಂದ ಹೇಳಲಿ ಅಂದ.

ಕಲ್ಲವ್ವ ತುಂಡನ್ನು ಮತ್ತೊಮ್ಮೆ ತಿರುಗಿಸಿ ನೋಡಿ, ಮಷಿನ್ನಿನ ಮೇಜಿನ ಮೇಲಿಟ್ಟಳು. "ವರ್ಷಾ ಪೂರ್ತಿ ನಾ ಗಂಟು ಹುಡುಕಿದ್ನಲ್ರೀ" ಎಂದಳು. "ನಿಮ್ಮ ಬೆರಳಿನ ಸಲುವಾಗಿ ಎಷ್ಟ ಚಲೋ ಹಲಿಗಿ ಬಿಸಾಕಿದ್ನಲ್ಲ." ಆಮೇಲೆ ಪಾನಾ ಎತ್ತಿಕೊಂಡು ಗಾರ್ಡನ್ನು ಕೆಳಗಿಳಿಸಿ ಎರಡೂ ಬೋಲ್ಟು ಬಿಗಿದಳು. ಬಿಗಿದದ್ದನ್ನು ಕೈಯಿಂದ ಅಲ್ಲಾಡಿಸಿ ನೋಡಿ, ಮತ್ತೊಂದು ಸುತ್ತು ಬಿಗಿದಳು. "ಈ ಸಲ ಪೂಜಿಗೆ ಇದನ್ನ ಬಿಚ್ಚಂಗಿಲ್ಲ. ವಿಭೂತಿ ಇದಕ್ಕ ಹಚ್ಚೂದು. ಅತ್ತಿಗೆ ನಾ ಹೇಳ್ತೀನಿ."

ನಾಗಪ್ಪ ಕೈಗೆ ಸಿಕ್ಕ ಕುರ್ಚಿಯ ಮೇಲೆ ಕುಸಿದು ಕೂತ. ಬೆರಳುಗಳ ತುರಿಕೆಯೂ ನಿಂತಂತೆ ಅನ್ನಿಸಿತು. ಹೀಗೇ ಮಧ್ಯಾಹ್ನದವರೆಗೂ ಕೂತಿರಬಹುದಿತ್ತು.

"ಏಳ್ರೀ" ಎಂದಳು ಕಲ್ಲವ್ವ.

ನಾಗಪ್ಪ ತಲೆ ಎತ್ತಿದ.

"ಕೂಡಾಕ ಯಾರ್ ಹೇಳ್ಯಾರ? ಹುಲಗೋಳದ ಕಡೆ ಹೋಗೂ ಬಸ್ಸು ಬರೂ ಹೊತ್ತಾತು. ಮನೋಹರಣ್ಣ ತನ್ನ ಹಲಿಗಿ ಮಂದಿ ಕೈ ತಿಂದೈತಿ ಅಂತ ವರ್ಷದಿಂದ ತಲಿ ಬಗ್ಗಿಸಿಕೊಂಡು ಅಡ್ಡಾಡ್ತಾನ."

"ಅವಗ ಏನಂತ ಹೇಳ್ಲಿ?"

"ಈ ತುಂಡು ಅವನ ಕೈಯಾಗ ಕೊಡ್ರಿ. ನನಗ ಹೇಳಿದ್ರಲ್ಲ, ಹಂಗ ಅವಗೂ ಹೇಳ್ರಿ, ಗಂಟು ಹುಡುಕು ಅಂತ."

ನಾಗಪ್ಪ ಎದ್ದ. ಎಡಗೈಯಲ್ಲಿ ಉಳಿದಿದ್ದ ಎರಡೂವರೆ ಬೆರಳಿನಲ್ಲಿ ತುಂಡನ್ನು ಹಿಡಿದುಕೊಂಡು, ಎಲ್ಲರಿಗೂ ಕಾಣುವ ಹಾಗೆ, ರಸ್ತೆಗೆ ಇಳಿದು ಬಸ್ ಸ್ಟಾಪಿನ ಕಡೆ ನಡೆದ.